ಸುತ್ತಿದ ಚಕ್ರ, ಸಾಗದ ಗಾಡಿ

“ತಾತ, ಇದೇನಾ ಮಂಜು? ಮತ್ತೆ ಕೈಗೆ ಯಾಕೆ ಸಿಗ್ತಾ ಇಲ್ಲ?”

ಕೇಳಿದವಳು ಒಂಬತ್ತು ವರ್ಷದ ಹುಡುಗಿ, ನನ್ನ ಅಕ್ಕನ ಮೊಮ್ಮಗಳು. ಹುಟ್ಟಿ ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಅವರ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಚಳಿಗಾಲದಲ್ಲಿ ಅಂಗಳದ ತುಂಬ ಬಿಳಿಯಾಗಿ ಬೀಳುವುದನ್ನು ಅವಳಪ್ಪ ‘ಮಂಜು’ ಎನ್ನುತ್ತಾನೆ. ಉಂಡೆ ಕಟ್ಟಿ ಎಸೆಯಬಹುದಾದ ಮಂಜು ಅದು. ಇಲ್ಲಿ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ಕಡೆ ಬೆಟ್ಟ ಹತ್ತುವಾಗ ಕಾರಿನ ಕಿಟಕಿಯಿಂದ ಕೈ ಚಾಚಿದರೆ ಬೆರಳು ಒದ್ದೆಯಾಗುತ್ತದೆಯೇ ಹೊರತು ಮುಷ್ಟಿಗೆ ಏನೂ ಸಿಗುವುದಿಲ್ಲ. ಎರಡಕ್ಕೂ ಕನ್ನಡದಲ್ಲಿ ಒಂದೇ ಹೆಸರು. ಮಗುವಿಗೆ ಗೊಂದಲವಾದದ್ದರಲ್ಲಿ ತಪ್ಪೇನಿದೆ?

ಕಳೆದ ಜುಲೈ ತಿಂಗಳ ಮಾತು. ಅಕ್ಕನ ಮಗ ಹೆಂಡತಿ, ಮಗಳ ಸಮೇತ ಕಡೂರಿಗೆ ಬಂದಿದ್ದ. ಭಾನುವಾರ ಬಾಡಿಗೆ ಕಾರೊಂದನ್ನು ತಾನೇ ಓಡಿಸಿಕೊಂಡು ಬೀರೂರಿನ ಮೇಲೆ ತರೀಕೆರೆಗೆ ಬಂದವನು, “ಮಾವ, ಅತ್ತೇನೂ ಕರ್ಕೊಂಡು ಹೊರಡಿ, ಬೆಟ್ಟಕ್ಕೆ ಹೋಗೋಣ” ಎಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಕಾಫಿ ತೋಟ ಆ ಬೆಟ್ಟದ ಮಗ್ಗುಲಲ್ಲಿದೆ. ಊಟಕ್ಕೆ ಬನ್ನಿ ಎಂದು ಅವರು ಕರೆಯುತ್ತಲೇ ಇದ್ದರು. ಆರು ಜನ ಹೊರಟೆವು.

ದಾರಿಯಲ್ಲಿ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಿದೆ. ನಮ್ಮ ಬೆಟ್ಟದ ಮಂಜು ಎಂದರೆ ನೆಲಕ್ಕೆ ತಾಗಿದ ಮೋಡ, ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ನೀರಿನ ಹನಿಗಳ ಗುಂಪು. ಅವಳೂರಿನ ಮಂಜು ಹೆಪ್ಪುಗಟ್ಟಿದ ನೀರಿನ ಹರಳು, ಅಂದರೆ ಹಿಮ. ಮೇಲೆ ಹೋದಂತೆಲ್ಲ ಗಾಳಿ ತಣ್ಣಗಾಗುವುದು ನಿಜ. ಸರಾಸರಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ತರೀಕೆರೆಯಲ್ಲಿ 28 ಡಿಗ್ರಿ ಇದ್ದರೆ, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ 23ರ ಆಸುಪಾಸು ಇರಬೇಕು. ಕರ್ನಾಟಕದ ಅತ್ಯಂತ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಅಲ್ಲಿಯೂ 20. ಸೊನ್ನೆ ಡಿಗ್ರಿ ಮುಟ್ಟಬೇಕಾದರೆ ಹತ್ತಿರ ಹತ್ತಿರ ಐದು ಸಾವಿರ ಮೀಟರ್ ಏರಬೇಕು. ಅಷ್ಟು ಎತ್ತರದ ಬೆಟ್ಟ ದಕ್ಷಿಣ ಭಾರತದಲ್ಲಿ ಎಲ್ಲಿಯೂ ಇಲ್ಲ.

ಡೆನ್ವರ್ ಇರುವುದು ಸುಮಾರು 1600 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಗಿಂತ ಕೆಳಗೆ. ಆದರೂ ಅಲ್ಲಿ ಹಿಮ ಬೀಳುತ್ತದೆ. ಕಾರಣ, ನಾವು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಅವರು 40ರಲ್ಲಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ, ಹಗಲೂ ಗಿಡ್ಡ.

ಅಳಿಯನಿಗೆ ಹಿಮದ ಬೆಟ್ಟದಲ್ಲಿ ಗಾಡಿ ಓಡಿಸುವುದೆಂದರೆ ಬಹಳ ಹುಮ್ಮಸ್ಸು. ರಜೆ ಬಂದರೆ ಹೆಂಡತಿ ಮಗಳನ್ನು ಕೂರಿಸಿಕೊಂಡು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ತನ್ನ ಗಾಡಿಯಲ್ಲಿ ಹಿಮ ಬಿದ್ದ ಕಾಡುದಾರಿಗಳಿಗೆ ಹೋಗುತ್ತಾನಂತೆ. ಚಳಿಗಾಲದಲ್ಲಿ ಅಲ್ಲಿನ ಪರ್ವತ ಹೆದ್ದಾರಿಗಳಲ್ಲಿ ಹಿಮಕ್ಕೆ ತಕ್ಕ ಟೈರು, ಇಲ್ಲವೇ ಸರಪಳಿ ಇರಬೇಕೆಂದು ಕಾನೂನೇ ಇದೆ. “ಅಂಥ ದಾರೀಲಿ ಓಡ್ಸಿದೀನಿ ಮಾವ, ಇಲ್ಲಿ ಏನು ಮಹಾ?” ಎಂದ. ನನಗೂ ಹೌದೆನ್ನಿಸಿತು.

ಡಾಂಬರು ರಸ್ತೆ ಬಿಟ್ಟು ತೋಟದ ಮಣ್ಣುದಾರಿಗೆ ತಿರುಗಿದೆವು. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಇಳಿಜಾರಿನಲ್ಲಿ ಕಾಫಿ ಗಿಡಗಳು, ಅದರ ಕೆಳಗೆ ಹಳ್ಳ. ಏರಿನ ತಿರುವಿನಲ್ಲಿ ಕಾರು ನಿಂತಿತು. ಮುಂದಿನ ಎಡಚಕ್ರ ಕೆಂಪು ರಾಡಿಯಲ್ಲಿ ಗಿರ್ರನೆ ಸುತ್ತತೊಡಗಿತು. ಬಲಚಕ್ರ ಗಟ್ಟಿ ನೆಲದ ಮೇಲಿದ್ದರೂ ಅಲುಗಲಿಲ್ಲ.

ಆಗ ನಾನು ಹೇಳಿದ ಮಾತನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. “ಇನ್ನೂ ಸ್ವಲ್ಪ ಒತ್ತು, ಹತ್ತುತ್ತೆ” ಎಂದೆ.

ಅಳಿಯ ಆಕ್ಸಿಲರೇಟರ್ ಒತ್ತಿದ. ಚಕ್ರ ಇನ್ನೂ ಆಳಕ್ಕೆ ಇಳಿಯಿತು. ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಓರೆಯಾಗಿ ಜಾರಿತು. ಅವನು ಬ್ರೇಕ್ ತುಳಿದ. ಚಕ್ರಗಳು ನಿಂತವು, ಕಾರು ನಿಲ್ಲಲಿಲ್ಲ. ಒಂದು ಗಜದಷ್ಟು ಹಾಗೆಯೇ ಸರಿದು, ಹಿಂದಿನ ಚಕ್ರ ಕಲ್ಲೊಂದಕ್ಕೆ ತಾಗಿ ನಿಂತಿತು. ಇಳಿದು ನೋಡಿದರೆ ಚಕ್ರಕ್ಕೂ ದಾರಿಯ ಅಂಚಿಗೂ ನಡುವೆ ಒಂದು ಮೊಳ ಜಾಗ. ಆ ಬದಿಯ ಹಿಂದಿನ ಸೀಟಿನಲ್ಲಿ ಹುಡುಗಿ ಕುಳಿತಿದ್ದಳು. ಅಕ್ಕ ಒಂದು ಮಾತೂ ಆಡದೆ ಅವಳನ್ನು ಇನ್ನೊಂದು ಬಾಗಿಲಿನಿಂದ ಇಳಿಸಿಕೊಂಡು ದಿಬ್ಬಕ್ಕೆ ಒರಗಿ ನಿಂತಳು.

ಇಪ್ಪತ್ತೆಂಟು ವರ್ಷದಿಂದ ಎಂಟನೆಯ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದೇನೆ. ಚಕ್ರ ಜಾರದೆ ಉರುಳುವಾಗ ನೆಲ ಮುಟ್ಟಿದ ಬಿಂದು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ಅಲ್ಲಿ ಕೆಲಸ ಮಾಡುವುದು ಸ್ಥಾಯೀ ಘರ್ಷಣೆ. ಚಕ್ರ ಇದ್ದಲ್ಲೇ ಸುತ್ತಿದರೂ, ಬ್ರೇಕಿನಿಂದ ಪೂರ್ತಿ ನಿಂತು ಸರಿದರೂ ಅಲ್ಲಿರುವುದು ಜಾರು ಘರ್ಷಣೆ. ಅದು ಸ್ಥಾಯೀ ಘರ್ಷಣೆಗಿಂತ ಕಡಿಮೆ. ನೆಲ ಕೊಡುವ ಹಿಡಿತಕ್ಕೆ ಒಂದು ಮಿತಿ ಇದೆ. ಅದಕ್ಕಿಂತ ಹೆಚ್ಚು ಕೇಳಿದರೆ ಇದ್ದದ್ದೂ ಹೋಗುತ್ತದೆ. ಇದನ್ನು ಚಿತ್ರ ಬರೆದು ಹೇಳಿಕೊಟ್ಟ ಮೇಷ್ಟ್ರು ಚಕ್ರ ಸುತ್ತುವುದನ್ನು ಕಣ್ಣಾರೆ ಕಂಡೂ ‘ಒತ್ತು’ ಎಂದಿದ್ದೆ!

ಸ್ವಲ್ಪ ಹೊತ್ತಿಗೆ ಮೇಲಿನಿಂದ ತೋಟದ ಜೀಪು ಇಳಿದು ಬಂತು. ಅದರ ಹಿಂದಿನ ಎರಡೂ ಚಕ್ರಗಳಿಗೆ ಕಬ್ಬಿಣದ ಚೈನು ಬಿಗಿದಿತ್ತು. ಮಲೆನಾಡಿನವರಿಗೆ ಇದು ಹೊಸತಲ್ಲ. ಕೊಲರಾಡೊದಲ್ಲಿ ಹಿಮಕ್ಕೆ ಕಟ್ಟುವ ಸರಪಳಿಯನ್ನು ನಮ್ಮ ಜೀಪಿನವರು ಮಳೆಗಾಲದ ಕೆಸರಿಗೆ ಕಟ್ಟುತ್ತಾರೆ. ಎರಡರ ಕೆಲಸವೂ ಒಂದೇ. ಮೆತ್ತಗಿನ ಪದರವನ್ನು ಕೊರೆದು ಒಳಗಿನ ಗಟ್ಟಿ ಭಾಗವನ್ನು ಕಚ್ಚುವುದು.

ವಯಸ್ಸಾದ ಡ್ರೈವರು ಬಗ್ಗಿ ನೋಡಿ, “ಮೇಷ್ಟ್ರೇ, ಇದು ನೋಡೋಕೆ ಜೀಪು, ಎಳೆಯೋದು ಮುಂದಿನ ಎರಡೇ ಚಕ್ರ” ಎಂದರು. ನಿಜ. ಎತ್ತರದ ಮೈಕಟ್ಟು, ದಪ್ಪ ಟೈರು ನೋಡಿ ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದು ನಾವೇ ಭಾವಿಸಿಕೊಂಡಿದ್ದೆವು, ಬಾಡಿಗೆಗೆ ಕೊಟ್ಟವರನ್ನು ಕೇಳಿರಲಿಲ್ಲ. ಏರಿನಲ್ಲಿ ಗಾಡಿಯ ಭಾರ ಹಿಂದಿನ ಚಕ್ರಗಳ ಕಡೆ ವಾಲುತ್ತದೆ. ಎಳೆಯಬೇಕಾದ ಮುಂದಿನ ಚಕ್ರಗಳು ಹಗುರಾಗಿ ಹಿಡಿತ ಇನ್ನಷ್ಟು ಕಡಿಮೆಯಾಗುತ್ತದೆ.

ಹಾಗಾದರೆ ಗಟ್ಟಿ ನೆಲದ ಮೇಲಿದ್ದ ಬಲಚಕ್ರವಾದರೂ ಏಕೆ ಎಳೆಯಲಿಲ್ಲ? ಇದಕ್ಕೆ ನಮ್ಮೂರು ಅಜ್ಜಂಪುರದ ಎತ್ತಿನ ಗಾಡಿಯನ್ನು ನೆನೆಯಬೇಕು. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ಒಂದು ಲಂಬಕೋನದ ತಿರುವಿನಲ್ಲಿ ಸುಮಾರು 2.35 ಮೀಟರ್ ಹೆಚ್ಚು. ಎತ್ತಿನ ಗಾಡಿಗೆ ಇದರ ಚಿಂತೆಯಿಲ್ಲ. ಎಳೆಯುವವು ಎತ್ತುಗಳು, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ಬೇರೆ ಬೇರೆ ಉರುಳುತ್ತವೆ. ಹಿಂದೆ ಮೈಸೂರು ಸೈನ್ಯದ ಫಿರಂಗಿಗಳನ್ನು ಎಳೆದ ಅಮೃತಮಹಲ್ ತಳಿಯ ಎತ್ತುಗಳ ಹಿಡಿತವೂ ಗೊರಸಿನಲ್ಲಿತ್ತು, ಚಕ್ರದಲ್ಲಲ್ಲ. ಆ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ.

ಮೋಟಾರು ಗಾಡಿಯಲ್ಲಿ ಚಕ್ರವೇ ಎಳೆಯಬೇಕು. ಎರಡು ಚಕ್ರಗಳಿಗೂ ಬಲ ಹೋಗಬೇಕು, ಆದರೆ ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡಬೇಕು. ಇದಕ್ಕಾಗಿ ನಡುವೆ ಇರುವ ಹಲ್ಲಿನ ಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಬಲ ಹಂಚುತ್ತದೆ. ಒಂದು ಚಕ್ರ ರಾಡಿಯಲ್ಲಿ ಸುಮ್ಮನೆ ಸುತ್ತಿದರೆ ಅದನ್ನು ಸುತ್ತಿಸಲು ಬೇಕಾದ ಬಲ ಅತ್ಯಲ್ಪ. ಆಚೆಯ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಆದ್ದರಿಂದಲೇ ಒಂದು ಚಕ್ರ ಜಾರಿದರೆ ಎರಡೂ ಸೋಲುತ್ತವೆ. ಕಾಡುದಾರಿಗೆಂದೇ ಮಾಡಿದ ಕೆಲವು ಗಾಡಿಗಳಲ್ಲಿ ಡಿಫರೆನ್ಷಿಯಲ್ಲಿಗೆ ಬೀಗ ಹಾಕುವ ಏರ್ಪಾಡು ಇರುವುದು ಇದಕ್ಕೇ.

ಡ್ರೈವರು ಅವಸರ ಮಾಡಲಿಲ್ಲ. ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿಸಿದರು. ಮುಂದಿನ ಟೈರುಗಳ ಗಾಳಿಯನ್ನು 32 ಪೌಂಡಿನಿಂದ 20ರವರೆಗೆ ಇಳಿಸಿದರು. ಚಕ್ರದ ಸುತ್ತಲಿನ ರಾಡಿ ಬಳಿದು ಸಿಲ್ವರ್ ಓಕಿನ ರೆಂಬೆ, ಗೋಣಿಚೀಲ ಹಾಸಿದರು. ಜೀಪಿನಿಂದ ಕಾರಿಗೆ ಹಗ್ಗ ಬಿಗಿದರು. ಮೇಲಕ್ಕೆ ಎಳೆಯುತ್ತಾರೆಂದುಕೊಂಡರೆ, “ಬೇಡ, ಹಿಂದಕ್ಕೇ ಇಳಿಸೋಣ, ಕೆಳಗೆ ಸಮ ಜಾಗ ಐತೆ” ಎಂದರು. ಅಳಿಯನ ಮುಖ ಸಣ್ಣದಾಯಿತು. ಕಡಿಮೆ ಗೇರಿನಲ್ಲಿ, ಬ್ರೇಕಿಗೆ ಕಾಲು ಬಲವಾಗಿ ಊರದೆ, ಹಗ್ಗದ ಬಿಗಿಯಲ್ಲಿ ಕಾರು ನಡೆಯುವ ವೇಗದಲ್ಲಿ ಹಿಂದಕ್ಕೆ ಇಳಿಯಿತು. ಅದನ್ನು ಅಲ್ಲೇ ಬಿಟ್ಟು ನಾವೆಲ್ಲ ಜೀಪು ಹತ್ತಿದೆವು. ಊಟಕ್ಕೆ ಎರಡು ಗಂಟೆ ತಡವಾಯಿತು, ಅಷ್ಟೆ.

ಮನೆಗೆ ಹೊರಡುವಾಗ ಅಳಿಯ ಮೆಲ್ಲಗೆ ಹೇಳಿದ: “ಅಲ್ಲಿ ಹಿಮ ಬಿಳಿಯಾಗಿ ಕಾಣುತ್ತೆ ಮಾವ, ಹೆದರಿಕೊಂಡು ನಿಧಾನ ಹೋಗ್ತೀನಿ. ಇಲ್ಲಿ ಮಣ್ಣು ನಮ್ಮೂರ ಮಣ್ಣೇ ಅಂತ ಧೈರ್ಯ ಮಾಡಿಬಿಟ್ಟೆ.” ನಾನೂ ಅದನ್ನೇ ಮಾಡಿದ್ದೆ.

ನಿಧಾನದ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಸಮತಟ್ಟಾದ ರಸ್ತೆಯಲ್ಲಿ ಬ್ರೇಕ್ ಹಾಕಿದ ಮೇಲೆ ಗಾಡಿ ಹೋಗುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಣಗಿದ ಡಾಂಬರಿನ ಘರ್ಷಣಾಂಕ 0.7 ಎಂದುಕೊಂಡರೆ, 40 ಕಿಲೋಮೀಟರ್ ವೇಗದ ಗಾಡಿ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ನುಣುಪಾದ ಹಿಮಗಡ್ಡೆಯ ಮೇಲೆ ಘರ್ಷಣಾಂಕ 0.1 ಆದರೆ 63 ಮೀಟರ್ ಬೇಕು. ಅದೇ ಹಿಮಗಡ್ಡೆಯ ಮೇಲೆ ವೇಗವನ್ನು 20ಕ್ಕೆ ಇಳಿಸಿದರೆ 16 ಮೀಟರ್ ಸಾಕು. ವೇಗ ಅರ್ಧ, ದೂರ ಕಾಲು. ನಾಲ್ಕು ಚಕ್ರ ಎಳೆಯುವ ಗಾಡಿ ಹೊರಡಲು, ಹತ್ತಲು ಸಹಾಯ ಮಾಡುತ್ತದೆ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೆ ಇರುವುದರಿಂದ, ನಿಲ್ಲಿಸುವಾಗ ಅದರಿಂದ ಹೆಚ್ಚಿನ ಲಾಭವಿಲ್ಲ. ವಾಹನ ಕೊಡಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಸೋಮವಾರ ತರಗತಿಯಲ್ಲಿ ಈ ಕಥೆಯನ್ನು ನನ್ನ ‘ಒತ್ತು’ ಸಮೇತ ಹೇಳಿದೆ. ಮಕ್ಕಳು ನಕ್ಕರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಘರ್ಷಣೆ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಅಂತ ನೀವೇ ಹೇಳಿದ್ರಿ. ಗಾಳಿ ತೆಗೆದು ಟೈರು ಅಗಲ ಮಾಡಿದರೆ ಏನು ಲಾಭ?” ಎಂದ. ಒಳ್ಳೆಯ ಪ್ರಶ್ನೆ. ಆ ನಿಯಮ ಒಣಗಿದ, ಗಟ್ಟಿಯಾದ ಮೇಲ್ಮೈಗಳಿಗೆ ಸರಿಸುಮಾರು ಒಪ್ಪುತ್ತದೆ. ಕೆಸರು ಗಟ್ಟಿಯಲ್ಲ, ಒತ್ತಿದರೆ ಕುಸಿಯುತ್ತದೆ. ಒಂದು ಚಕ್ರದ ಮೇಲೆ 880 ಪೌಂಡ್ ಭಾರವಿದ್ದರೆ, 32 ಪೌಂಡ್ ಗಾಳಿಯಲ್ಲಿ ಟೈರು ಸುಮಾರು 27 ಚದರ ಇಂಚು ನೆಲ ಮುಟ್ಟುತ್ತದೆ. 20 ಪೌಂಡಿನಲ್ಲಿ 44 ಚದರ ಇಂಚು. ಭಾರ ಹರಡಿ ಚಕ್ರ ಹೂಳುವುದು ಕಡಿಮೆಯಾಗುತ್ತದೆ. ಆದರೆ ಡಾಂಬರು ರಸ್ತೆಗೆ ಬಂದೊಡನೆ ಗಾಳಿ ತುಂಬಿಸಬೇಕು, ಇಲ್ಲದಿದ್ದರೆ ಟೈರು ಕಾದು ಹಾಳಾಗುತ್ತದೆ.

ವಿದ್ಯಾರ್ಥಿಗಳೇ, ಈ ಭಾನುವಾರ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ನುಣುಪಾದ ಹಲಗೆಯೊಂದರ ತುದಿಯಲ್ಲಿ ರಬ್ಬರಿನ ತುಂಡು ಇಟ್ಟು, ಆ ತುದಿಯನ್ನು ಮೆಲ್ಲಗೆ ಎತ್ತಿ. ಜಾರತೊಡಗಿದ ಕೂಡಲೇ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನು ಅದರ ನೇರ ಕೆಳಗಿನಿಂದ ಇನ್ನೊಂದು ತುದಿಯವರೆಗಿನ ನೆಲದ ಅಳತೆಯಿಂದ ಭಾಗಿಸಿ. ಬಂದದ್ದೇ ಸ್ಥಾಯೀ ಘರ್ಷಣಾಂಕ. ಆಮೇಲೆ ನಾಣ್ಯ ಇಟ್ಟು ನೋಡಿ. ಫ್ರಿಜ್ ಇದ್ದವರು ಕೊನೆಯಲ್ಲಿ ಮಂಜುಗಡ್ಡೆ ಇಡಿ. ಅದು ಎಷ್ಟು ಬೇಗ ಹೊರಟುಬಿಡುತ್ತದೆಂದು ಅಪ್ಪ ಅಮ್ಮನನ್ನೂ ಕರೆದು ತೋರಿಸಿ. ಮಳೆಗಾಲದಲ್ಲಿ ಬೆಟ್ಟಕ್ಕೆ ಹೊರಡುವ ಮುಂಚೆ ತೋರಿಸಿದರೆ ಇನ್ನೂ ಒಳ್ಳೆಯದು.