ಬಯಲಲ್ಲಿ ನಿಂತ ಮರುತ್

ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 2001ರಲ್ಲಿ ಸ್ಥಾಪಿಸಿದ ವಸ್ತುಸಂಗ್ರಹಾಲಯದ ಬಯಲಿನಲ್ಲಿ ಹಲವು ಹಳೆಯ ವಿಮಾನಗಳು ನಿಂತಿವೆ. ಅವುಗಳಲ್ಲಿ ಚೂಪು ಮೂಗಿನ, ಹಿಂದಕ್ಕೆ ಬಾಗಿದ ರೆಕ್ಕೆಗಳ ಯುದ್ಧವಿಮಾನವೊಂದಿದೆ. ಅದೇ ಎಚ್.ಎಫ್.-24 ಮರುತ್. ಭಾರತದಲ್ಲಿಯೇ ರೂಪುಗೊಂಡು ಸಿದ್ಧವಾದ ಮೊದಲ ಜೆಟ್ ಯುದ್ಧವಿಮಾನವದು. ವೇದಕಾಲದ ಗಾಳಿಯ ದೇವತೆಗಳ ಹೆಸರನ್ನು ಹೊತ್ತ ಈ ಯಂತ್ರ ಇಂದು ಹಾರುವುದಿಲ್ಲ. ಹಾರದ ವಿಮಾನವನ್ನು ಕಾಪಾಡಿ ಇಡುವುದು ಏತಕ್ಕಾಗಿ? ನೋಡಲು ಬಂದವರು ಅದರಿಂದ ಏನನ್ನು ತಿಳಿದು ಹೋಗಬೇಕು? ಈ ಪ್ರಶ್ನೆಗಳು ವಿಚಾರಯೋಗ್ಯವಾಗಿವೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ವಾಯುಸೇನೆಯು ಯುದ್ಧವಿಮಾನಗಳಿಗಾಗಿ ಪರದೇಶಗಳನ್ನೇ ಆಶ್ರಯಿಸಿತ್ತು. ಈ ಪರಾವಲಂಬನೆಯಿಂದ ಪಾರಾಗುವ ಹಂಬಲದಿಂದ ಸರ್ಕಾರವು ಜರ್ಮನಿಯ ಪ್ರಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಆಹ್ವಾನಿಸಿತು. ಅವರು 1956ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಬೆಂಗಳೂರಿಗೆ ಬಂದರು. ಆಗ ಇಲ್ಲಿ ಅನುಭವವುಳ್ಳ ವಿನ್ಯಾಸಕಾರರು ಬೆರಳೆಣಿಕೆಯಷ್ಟಿದ್ದರು, ಉಪಕರಣಗಳೂ ಸಾಲದಾಗಿದ್ದವು. ಆದರೂ ಕೆಲಸ ನಿಲ್ಲಲಿಲ್ಲ. ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ನಿರ್ಮಿಸಿ, 1959ರಲ್ಲಿ ಅದನ್ನು ಗಾಳಿಯಲ್ಲಿ ತೇಲಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಧೀರ ವೈಮಾನಿಕರು ನಿಜವಾದ ಮರುತ್ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಐದೇ ವರ್ಷಗಳಲ್ಲಿ ಇಷ್ಟನ್ನು ಸಾಧಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕೆಂದು ಮರುತ್ತಿನ ಮೈಕಟ್ಟನ್ನು ಯೋಜಿಸಲಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಮಾತ್ರ ದೊರೆಯಲಿಲ್ಲ. ಅದಕ್ಕೆಂದು ನಿರೀಕ್ಷಿಸಿದ್ದ ಬಲಿಷ್ಠ ಎಂಜಿನ್ನಿನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಅದರ ವೆಚ್ಚವನ್ನು ಹೊರಲು ಭಾರತವೂ ಮುಂದಾಗಲಿಲ್ಲ. ಕೊನೆಗೆ ಶಕ್ತಿ ಕಡಿಮೆಯಾದ ಎರಡು ಆರ್ಫಿಯಸ್ 703 ಎಂಜಿನ್ನುಗಳನ್ನೇ ಅಳವಡಿಸಬೇಕಾಯಿತು. ಈಜಿಪ್ಟಿನ ಎಂಜಿನ್ನೊಂದನ್ನು ಹೊಂದಿಸುವ ಪ್ರಯತ್ನವೂ ಫಲಿಸಲಿಲ್ಲ. ಹೀಗಾಗಿ ಮರುತ್ತಿನ ವೇಗ ಶಬ್ದದ ವೇಗದ ಆಸುಪಾಸಿನಲ್ಲಿಯೇ ಉಳಿಯಿತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲಕ್ಕೆ ಮತ್ತೆ ಇಂಧನವನ್ನು ಸಿಂಪಡಿಸಿ ಉರಿಸಿದರೆ ಹೆಚ್ಚಿನ ನೂಕುಬಲ ದೊರೆಯುತ್ತದೆ. ಅಂಥ ವ್ಯವಸ್ಥೆಯನ್ನು ಅಳವಡಿಸಿದ್ದ ಮರುತ್ ವಿಮಾನವು 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಯಿತು. ಅದನ್ನು ನಡೆಸುತ್ತಿದ್ದ ಸುರಂಜನ್ ದಾಸ್ ಅಸುನೀಗಿದರು. ಅವರ ಹೆಸರಿನ ರಸ್ತೆ ಇಂದಿಗೂ ಆ ನಗರದಲ್ಲಿದೆ.

ಎಂಜಿನ್ ದುರ್ಬಲವಾಗಿದ್ದರೂ ಮರುತ್ ಸೇವೆಗೆ ಹಿಂಜರಿಯಲಿಲ್ಲ. 1967ರಲ್ಲಿ ವಾಯುಸೇನೆಯ ದಳವೊಂದನ್ನು ಸೇರಿದ ಅದು 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಾಚೆ ನೆಲದ ಗುರಿಗಳ ಮೇಲೆ ದಾಳಿ ನಡೆಸಿತು. ಆ ಯುದ್ಧದಲ್ಲಿ ಶತ್ರುವಿಮಾನಗಳೊಡನೆ ಆಕಾಶದಲ್ಲಿ ನಡೆದ ಕಾದಾಟದಿಂದ ಒಂದು ಮರುತ್ ಕೂಡ ನಷ್ಟವಾಗಲಿಲ್ಲ. ಒಟ್ಟು 147 ವಿಮಾನಗಳು ತಯಾರಾದವು. ಅವೆಲ್ಲ 1990ರ ವೇಳೆಗೆ ನಿವೃತ್ತವಾದವು.

ಇಂಥ ವಿಮಾನವನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಗುರಿಯನ್ನು ಮುಟ್ಟದ ಯಂತ್ರಕ್ಕೆ ಗೌರವವೇಕೆ ಎಂಬುದು ಒಂದು. ಅದರ ಕೊರತೆಗಳನ್ನು ಮರೆಮಾಡಿ ಹಿರಿಮೆಯನ್ನಷ್ಟೇ ಹೇಳಬೇಕೆಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಹಳಿಯುವವರು ಶೂನ್ಯದಿಂದ ಮೇಲೆದ್ದವರ ಶ್ರಮವನ್ನು ಕಾಣರು. ಹೊಗಳುವವರು ಆ ಶ್ರಮಕ್ಕೆ ಅಡ್ಡಬಂದ ಕಾರಣವನ್ನು ಮುಚ್ಚಿಡುತ್ತಾರೆ. ಕಾರಣವನ್ನು ಮುಚ್ಚಿಟ್ಟ ನಾಡು ಅದೇ ಕಷ್ಟವನ್ನು ಮತ್ತೆ ಎದುರಿಸಬೇಕಾಗುತ್ತದೆ. ಮರುತ್ತಿನ ಬಳಿಕ ಅದರ ಉತ್ತರಾಧಿಕಾರಿಗಾಗಿ ಕೆಲಸ ತಡೆಯಿಲ್ಲದೆ ಸಾಗಲಿಲ್ಲ. ಹಗುರ ಯುದ್ಧವಿಮಾನದ ಯೋಜನೆಗೆ ಮಂಜೂರಾತಿ ದೊರೆತದ್ದು 1983ರಲ್ಲಿ; ಮುಂದೆ ತೇಜಸ್ ಎಂಬ ಹೆಸರು ಪಡೆದ ಆ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಒಂದು ತಲೆಮಾರು ಗಳಿಸಿದ ಅನುಭವ ಮುಂದಿನ ತಲೆಮಾರಿನ ಕೈಗೆ ನೇರವಾಗಿ ದಾಟದೆ ಹೋದರೆ ಎಷ್ಟು ಕಾಲ ವ್ಯರ್ಥವಾಗುತ್ತದೆ ಎಂಬುದಕ್ಕೆ ಇದೇ ನಿದರ್ಶನ. ತೇಜಸ್ ಕೂಡ ಇಂದು ಅಮೆರಿಕದ ಎಂಜಿನ್ನಿನ ಬಲದಿಂದಲೇ ಹಾರುತ್ತಿದೆ. ಮರುತ್ ಮುಂದಿಟ್ಟ ಪ್ರಶ್ನೆಗೆ ಉತ್ತರ ಇನ್ನೂ ಪೂರ್ಣವಾಗಿಲ್ಲ.

ಆದುದರಿಂದ ಮರುತ್ತನ್ನು ಉಳಿಸಿಕೊಳ್ಳುವುದು ಹಳೆಯ ವಸ್ತುವಿನ ಮೇಲಿನ ಮೋಹವಲ್ಲ. ಅದು ವಿದ್ಯೆಯ ರಕ್ಷಣೆ. ಬಯಲಿನಲ್ಲಿ ನಿಂತ ವಿಮಾನಕ್ಕೆ ಬಿಸಿಲು ಮಳೆಗಳೇ ಶತ್ರುಗಳು. ತಗಡುಗಳ ಸಂದಿಯಲ್ಲಿ ನಿಂತ ನೀರು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಬಿಸಿಲಿಗೆ ರಬ್ಬರು ಬಿರಿಯುತ್ತದೆ, ಚಾಲಕನ ಪಾರದರ್ಶಕ ಮುಚ್ಚಿಗೆ ಮಸುಕಾಗುತ್ತದೆ. ಬಣ್ಣ ಬಳಿದ ಮಾತ್ರಕ್ಕೆ ಇದು ನಿಲ್ಲದು. ಮೇಲೊಂದು ಸೂರು, ವರ್ಷವರ್ಷವೂ ತಜ್ಞರ ತಪಾಸಣೆ ಅವಶ್ಯಕ. ಇದಕ್ಕೆ ತಗಲುವ ವೆಚ್ಚವನ್ನು ದಂಡವೆಂದು ಭಾವಿಸಬಾರದು. ವಿಮಾನದ ಪಕ್ಕದಲ್ಲಿ ಉದ್ದ, ಅಗಲ, ವೇಗಗಳ ಅಂಕಿಗಳಷ್ಟೇ ಇದ್ದರೆ ಸಾಲದು. ದೊರೆಯದ ಎಂಜಿನ್ನಿನ ಕಥೆಯೂ, ಪ್ರಾಣತೆತ್ತ ವೈಮಾನಿಕನ ಕಥೆಯೂ ಸರಳವಾದ ಮಾತುಗಳಲ್ಲಿ ಇರಬೇಕು.

ಗೆದ್ದವರ ಸ್ಮಾರಕಗಳು ಅಭಿಮಾನವನ್ನು ಬೆಳೆಸುತ್ತವೆ. ಅರ್ಧದಾರಿಯವರೆಗೆ ನಡೆದವರ ಸ್ಮಾರಕಗಳು ಉಳಿದ ದಾರಿ ಎಷ್ಟೆಂಬುದನ್ನು ತೋರಿಸುತ್ತವೆ. ಮರುತ್ತಿನ ಮುಂದೆ ನಿಂತ ವಿದ್ಯಾರ್ಥಿಯೊಬ್ಬನಿಗೆ, ವಿದ್ಯಾರ್ಥಿನಿಯೊಬ್ಬಳಿಗೆ, ‘ಇದಕ್ಕೆ ತಕ್ಕ ಎಂಜಿನ್ ಏಕೆ ದೊರೆಯಲಿಲ್ಲ?’ ಎಂಬ ಪ್ರಶ್ನೆ ಹುಟ್ಟಿದರೆ ಆ ವಿಮಾನವನ್ನು ಅಲ್ಲಿ ನಿಲ್ಲಿಸಿದ್ದು ಸಾರ್ಥಕ.