ಮುಖ ಮಾತ್ರ

ಕೇಂದ್ರ ಸರ್ಕಾರದ ನೌಕರಿಗೆ ಸಲ್ಲಿಸಬೇಕಿದ್ದ ಹಳೆಯ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ, ಫೋಟೊ ಅಂಟಿಸುವ ಚೌಕಕ್ಕೆ ಒಂದು ಸೂಚನೆ ಇರುತ್ತಿತ್ತು: ಅಂಗವೈಕಲ್ಯ ಕಾಣುವಂತಿರಬೇಕು. 2017ರ ನಿಯಮಗಳ ನಮೂನೆಯಲ್ಲಿ ಆ ಚೌಕದಲ್ಲಿರುವ ಸೂಚನೆಯೇ ಬೇರೆ: ಮುಖ ಮಾತ್ರ. ಸರ್ಕಾರಿ ಕಾಗದ ಅಷ್ಟು ಕಲಿತಿದೆ. ನಮ್ಮ ಮೊಬೈಲುಗಳು ಇನ್ನೂ ಕಲಿತಿಲ್ಲ.

ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರು ಹಗಲು ಕಳೆಯುವ ಕೇಂದ್ರಗಳ ಚಿತ್ರಗಳು ರಾಜಾಜಿನಗರದಿಂದ ಬರಲಿ, ವಿಜಯನಗರದಿಂದ ಬರಲಿ, ಕೆಂಗೇರಿಯಿಂದ ಬರಲಿ, ಚಿತ್ರ ಒಂದೇ. ಹಿಂದೆ ಬ್ಯಾನರು, ಮುಂದೆ ಕೇಕು. ನಡುವೆ ದಾನಿ, ದಾನಿಯ ಶ್ರೀಮತಿ, ವಾರ್ಡಿನ ಮುಖಂಡರು. ಅಂಚಿನಲ್ಲಿ ಕಿವಿಯ ಬಳಿ ಕೂದಲು ನರೆತ, ಇಸ್ತ್ರಿ ಶರ್ಟಿನ ಒಬ್ಬರು. ಹಣ್ಣಿನ ಪೊಟ್ಟಣ ಅವರ ಕೈಗೆ ಬಂದಿದೆ; ಫೋಟೊ ಆಗುವ ತನಕ ದಾನಿ ಕೈ ಬಿಟ್ಟಿಲ್ಲ. ಅಡಿಬರಹ: ‘ವಿಶೇಷ ಮಕ್ಕಳೊಂದಿಗೆ ಹುಟ್ಟುಹಬ್ಬ’. ದಾನಿಯ ಹೆಸರು ಇನಿಷಿಯಲ್ ಸಮೇತ ಇರುತ್ತದೆ. ನಲವತ್ತೈದು ದಾಟಿದ ‘ಮಗು’ವಿಗೆ ಹೆಸರೇ ಇರುವುದಿಲ್ಲ.

ಉಳಿದ ದಿನಗಳ ಚಿತ್ರ ಮಾತ್ರ ಯಾರೂ ಕಳಿಸುವುದಿಲ್ಲ. ಕಾಗದದ ಕವರಿನ ಅಂಚನ್ನು ಉಗುರಿನಿಂದ ಗೀರಿ ಮಡಚುವ ಕೈ. ಊಟದ ತಟ್ಟೆಯಂಚಿನಲ್ಲಿ ಸಾಲಾಗಿ ಜೋಡಿಸಿಟ್ಟ ಕರಿಬೇವು. ಸಂಜೆ ವ್ಯಾನು ಬಂದಾಗ ಕಿಟಕಿ ಸೀಟಿಗಾಗಿ ಜಗಳ. ಇವನ್ನು ತೆಗೆಯಲು ಪುರುಸೊತ್ತು ಬೇಕು. ನಾಲ್ಕು ದಿನ ಸುಮ್ಮನೆ ಹೋಗಿ ಕೂತು ಬರಬೇಕು, ಕ್ಯಾಮೆರಾ ಚೀಲದಲ್ಲೇ ಇರಬೇಕು. ಬೇಡ ಅಂದರೆ ಬೇಡ. ಬಾಯಲ್ಲಿ ಹೇಳದೆ ಮುಖ ತಿರುಗಿಸಿದರೂ ಬೇಡವೆಂದೇ ಅರ್ಥ. ಅಂಗವಿಕಲರನ್ನು ಸಂಶೋಧನೆಗೆ ಒಳಪಡಿಸುವುದಾದರೆ ಅವರಿಗೆ ತಿಳಿಯುವ ಬಗೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಕೇಕು ಕತ್ತರಿಸುವುದು ಸಂಶೋಧನೆಯಲ್ಲವಲ್ಲ. ಹಾಗಾಗಿ ಮುಖ್ಯಸ್ಥರ ಒಂದು ಸಹಿಗೆ, ಹೆಚ್ಚೆಂದರೆ ಮನೆಯವರ ಇನ್ನೊಂದು ಸಹಿಗೆ ವಿಷಯ ಮುಗಿಯುತ್ತದೆ. ಚಿತ್ರದಲ್ಲಿರುವವರನ್ನೇ ಕೇಳಿದವರು ಕಡಿಮೆ. ತೆಗೆದದ್ದನ್ನು ಅವರಿಗೆ ತೋರಿಸಿದವರು ಇನ್ನೂ ಕಡಿಮೆ.

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ, ಚಿತ್ರಗಳ ಸುಗ್ಗಿ. ಪೊಟ್ಟಣ ಹಸ್ತಾಂತರದ ಚಿತ್ರಗಳನ್ನು ಇನ್ನು ನಾವು ಅಚ್ಚು ಹಾಕುವುದಿಲ್ಲ. ಬೇರೆ ಚಿತ್ರವಿದ್ದರೆ ಕಳಿಸಿ. ಜೊತೆಗೆ ಅದರಲ್ಲಿರುವವರ ಹೆಸರು, ವಯಸ್ಸು ಇರಲಿ, ಅವರನ್ನೇ ಕೇಳಿ ಬರೆದದ್ದು.