ಬಿಚ್ಚುವುದೂ ಉಳಿಸುವ ದಾರಿಯೇ

ಫೋಕ್ಸ್‌ವ್ಯಾಗನ್ ಕಂಪನಿ 1979ರಲ್ಲಿ ಟಿ3 ಎಂಬ ವ್ಯಾನನ್ನು ತಂದಿತು. ಅಮೆರಿಕದಲ್ಲಿ ಅದರ ಹೆಸರು ವ್ಯಾನಗನ್. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಒಲೆ, ಸಿಂಕು, ಹಾಸಿಗೆಗಳನ್ನು ಕೂರಿಸಿ, ಚಾವಣಿಯನ್ನು ಮೇಲಕ್ಕೆತ್ತುವಂತೆ ಮಾಡಿತು. ಇಂಥ ಹಳೆಯ ವ್ಯಾನೊಂದು ಮಾರಾಟಕ್ಕೆ ಬಂದಾಗ ಏಳುವ ಪ್ರಶ್ನೆ ಒಂದೇ: ಜೀರ್ಣೋದ್ಧಾರವೋ, ಬಿಡಿಭಾಗವೋ?

ಕೊಳ್ಳುವವರ ಕಣ್ಣು ಮೊದಲು ಹೋಗುವುದು ಚಾವಣಿಯ ಕ್ಯಾನ್ವಾಸಿಗೆ, ಕಿವಿ ಎಂಜಿನ್ನಿನ ಸದ್ದಿಗೆ. ಎರಡೂ ತೀರ್ಪು ಹೇಳಲಾರವು. ಕ್ಯಾನ್ವಾಸ್ ಹೊಸದು ಸಿಗುತ್ತದೆ. ಎಂಜಿನ್ ಕೆಟ್ಟಿದ್ದರೆ ಬದಲಿಸಬಹುದು. ಸುಬಾರು ಎಂಜಿನ್ ಕೂರಿಸಿಕೊಂಡವರು ಅಮೆರಿಕದಲ್ಲಿ ಎಷ್ಟೋ ಮಂದಿ. ಫೈಬರ್‌ಗ್ಲಾಸಿನ ಚಾವಣಿಗಂತೂ ತುಕ್ಕು ಹಿಡಿಯುವುದಿಲ್ಲ.

ತೀರ್ಪು ಇರುವುದು ತಗಡಿನಲ್ಲಿ. ಈ ವ್ಯಾನಿಗೆ ಲಾರಿಯಂತೆ ಬೇರೆ ಚಾಸಿಸ್ ಇಲ್ಲ, ಒಡಲೇ ಅಸ್ಥಿಪಂಜರ. ತಗಡುಗಳು ಕೂಡುವ ಸೀಮುಗಳಲ್ಲಿ ತುಂಬಿದ ಸೀಲಂಟ್ ಬಿರಿದರೆ ನೀರು ಒಳಗಿಳಿದು ತುಕ್ಕು ಬಣ್ಣದಡಿ ಉಬ್ಬುತ್ತದೆ. ಹಾಗಾಗಿ ಟಾರ್ಚ್ ಹಿಡಿದು ನೆಲಕ್ಕೆ ಬೆನ್ನುಕೊಟ್ಟು ನೋಡಬೇಕು: ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು. ಆಮೇಲೆ ಮುಂಗಾಜಿನ ಕೆಳ ಅಂಚು, ಅಡುಗೆ ಕಪಾಟಿನ ಹಿಂಬದಿ. ಮೇಲ್ಮೈಯ ತುಕ್ಕಾದರೆ ಕೆರೆದು ಬಣ್ಣ ಹಚ್ಚಬಹುದು. ಭಾರ ಹೊರುವ ಭಾಗವೇ ತಿವಿದರೆ ತೂತಾಗುವಂತಿದ್ದರೆ ವೆಲ್ಡಿಂಗಿಗೆ ಕೊನೆಯಿಲ್ಲ.

ಅಲ್ಲಿಗೆ ಬಿಚ್ಚುವುದೇ ಸರಿ. ಹಳೆ ವ್ಯಾನ್ ಪ್ರಿಯರಿಗೆ ಈ ಮಾತು ಕಟುಕತನದಂತೆ ಕೇಳೀತು. ಜೀರ್ಣೋದ್ಧಾರ ಎಂದೊಡನೆ ನಮ್ಮ ಕಿವಿಗೂ ದೇವಸ್ಥಾನದ ಗಂಟೆ ಕೇಳುತ್ತದೆ, ಬಿಡಿಭಾಗ ಎಂದರೆ ಗುಜರಿ ಅಂಗಡಿ ಕಣ್ಣಮುಂದೆ ಬರುತ್ತದೆ. ಆದರೆ ಆ ಕಾಲದ ಕಪಾಟು, ಚಾವಣಿಯ ಕೀಲು, ಪ್ಲಾಸ್ಟಿಕ್ ಅಚ್ಚಿನ ತುಣುಕುಗಳಲ್ಲಿ ಎಷ್ಟೋ ಈಗ ತಯಾರಾಗುವುದಿಲ್ಲ. ಅವು ಸಿಗುವುದು ಇನ್ನೊಂದು ಹಳೆ ವ್ಯಾನಿನಿಂದಲೇ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.

ನಿಜವಾದ ಹಾನಿ ಮಾಡುವುದು ಮೂರನೆಯ ದಾರಿ: ಒಂದಲ್ಲ ಒಂದು ದಿನ ಸರಿಮಾಡೋಣ ಎಂದು ಟಾರ್ಪಾಲು ಹೊದಿಸಿ ಅಂಗಳದಲ್ಲಿ ನಿಲ್ಲಿಸುವುದು. ತೇವ ಒಳಗೇ ಉಳಿಯುತ್ತದೆ. ಕಪಾಟಿನ ಹಲಗೆ ಊದುತ್ತದೆ, ಇಲಿ ವೈರು ಕಡಿಯುತ್ತದೆ, ಗಟ್ಟಿಯಿದ್ದ ಸೀಮೂ ಬಿಡುತ್ತದೆ. ಐದು ವರ್ಷದ ಬಳಿಕ ಅದು ಜೀರ್ಣೋದ್ಧಾರಕ್ಕೂ ಬಾರದು, ಬಿಡಿಭಾಗಕ್ಕೂ ಬಾರದು. ಬೆಸುಗೆಗೆ ಹಣ, ನೆರಳಿಗೆ ಜಾಗ, ಕೈಗೆ ಬಿಡುವು ಇಲ್ಲದವರು ಇಂದೇ ಸ್ಪ್ಯಾನರ್ ಹಿಡಿದು ಬಿಚ್ಚಲಿ, ಇಲ್ಲವೇ ಆ ಮೂರೂ ಇದ್ದವರಿಗೆ ಮಾರಲಿ.